3,500 ರೂಪಾಯಿಯ ಶಾಲು

ಕಳೆದ ವಾರ ಏಳನೇ ಕ್ಲಾಸಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಫೋನ್ ಬಂತು. (ಕ್ಲಾಸಿನಲ್ಲಿ ಎತ್ತಿದ್ದು ನನ್ನದೇ ತಪ್ಪು ಬಿಡಿ.) "ಮೇಡಂ, ಅಭಿನಂದನೆಗಳು! ರಾಷ್ಟ್ರಮಟ್ಟದ ಪ್ರಶಸ್ತಿಗೆ ನಿಮ್ಮ ಆಯ್ಕೆ ಆಗಿದೆ." ನಾನು ಯಾವ ಶಾಲೆಯವಳು ಹೇಳಿ ನೋಡೋಣ ಅಂದೆ. ಗೊತ್ತಿರಲಿಲ್ಲ. ನೋಂದಣಿಗೆ 3,500 ರೂಪಾಯಿ ಫೋನ್‌ಪೇ ಮಾಡಿದರೆ ಶಾಲು, ಹಾರ, ಫಲಕ, ಊಟ ಎಲ್ಲ ಅದರಲ್ಲೇ ಬರುತ್ತಂತೆ. ಮನೆಯವರು ಜೊತೆಗೆ ಬಂದರೆ ಅವರ ಊಟಕ್ಕೆ ಬೇರೆ ರೊಕ್ಕ.

ನಗು ಬಂತು. ಆದರೆ ನಮ್ಮ ಯಾದಗಿರಿ ಜಿಲ್ಲೆಯಲ್ಲೇ ಇಂಥ ಶಾಲು ಹೊದ್ದುಕೊಂಡು ಬಂದವರು ನನಗೆ ಗೊತ್ತು. ವಾಟ್ಸ್ಆ್ಯಪ್ ಗುಂಪಿನಲ್ಲಿ ಅವರಿಗೆ ನಾನೂ ಹೂಗುಚ್ಛದ ಚಿತ್ರ ಕಳಿಸಿದ್ದೇನೆ.

ನಿಜವಾದ ಪ್ರಶಸ್ತಿಗೆ ಯಾರೂ ಹೀಗೆ ಫೋನ್ ಮಾಡಿ ರೊಕ್ಕ ಕೇಳುವುದಿಲ್ಲ. ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿ 1958ರಿಂದ ಇದೆ. 50,000 ರೂಪಾಯಿ, ಬೆಳ್ಳಿ ಪದಕ. ಸೆಪ್ಟೆಂಬರ್ 5ಕ್ಕೆ ರಾಷ್ಟ್ರಪತಿಗಳು ಕೊಡುತ್ತಾರೆ. 2018ರಿಂದ ಶಿಕ್ಷಕರು ತಾವೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಟ್ಯೂಷನ್ ಹೇಳುವವರಿಗೆ ಅವಕಾಶ ಇಲ್ಲ. "ನನಗೇ ಪ್ರಶಸ್ತಿ ಕೊಡಿ ಅಂತ ನಾನೇ ಹೆಂಗ್ರಿ ಬರೀಲಿ?" ಅಂತ ಕೇಳುವವರು ನಮ್ಮ ಕಡೆ ಜಾಸ್ತಿ. ನನ್ನ ಪ್ರಕಾರ ಸಾಹೇಬರ ಹಿಂದೆ ಓಡಾಡಿ ಹೆಸರು ಸೇರಿಸಿಕೊಳ್ಳುವುದಕ್ಕಿಂತ ಇದೇ ವಾಸಿ. ಆದರೆ ಫೋಟೋ, ವಿಡಿಯೋ, ದಾಖಲೆ ಎಲ್ಲ ಬೇಕು. ನಾನು ನೋಡಿದ ಅತಿ ಒಳ್ಳೆಯ ಮೇಷ್ಟ್ರು ನಲಿ-ಕಲಿ ತರಗತಿಯ ಪುಟ್ಟ ಮಕ್ಕಳ ನಡುವೆ ನೆಲದ ಮೇಲೆ ಕೂತೇ ನಿವೃತ್ತರಾದರು. ಅವರ ಹತ್ತಿರ ಪಾಠ ಮಾಡುವ ಒಂದು ಫೋಟೋ ಕೂಡ ಇಲ್ಲ.

ಶಾಲೆಗೆ ಬರುವ ಅನುದಾನದ ಕಥೆ ಬೇರೆ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯ ಲೆಕ್ಕದಲ್ಲಿ 31ರಿಂದ 100 ಮಕ್ಕಳಿದ್ದರೆ ವರ್ಷಕ್ಕೆ 25,000 ರೂಪಾಯಿವರೆಗೆ. 100 ದಾಟಿದರೆ 50,000ದವರೆಗೆ. ನಮ್ಮಲ್ಲಿ 98 ಮಕ್ಕಳು. ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋದ ಮೂರು ಮಕ್ಕಳು ಉಳಿದಿದ್ದರೆ ಮೇಲಿನ ಲೆಕ್ಕಕ್ಕೆ ಬರುತ್ತಿದ್ದೆವು. ಸೀಮೆಸುಣ್ಣ, ಕರೆಂಟ್ ಬಿಲ್, ಫಿನಾಯಿಲ್, ಮುರಿದ ನಲ್ಲಿ ಎಲ್ಲ ಇದರಲ್ಲೇ. ಮಕ್ಕಳು ತಾವೇ ಉಪಕರಣ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬ್‌ಗೆ 20 ಲಕ್ಷ ಕೊಡುತ್ತಾರೆ ಅಂತ ಕೇಳಿ ನಿಯಮ ಓದಿದೆ. 1,500 ಚದರ ಅಡಿ ಜಾಗ ಬೇಕು. ನಮ್ಮವು ನಾಲ್ಕು ಕೋಣೆ. ಒಂದು ಸೋರುತ್ತದೆ. ಫೈಲ್ ಮುಚ್ಚಿದೆ.

ಹಾಗಾದರೆ ನಮ್ಮಂಥ ಶಾಲೆ ಎಲ್ಲಿ ಕೈ ಹಾಕಬೇಕು? ನನ್ನ ಮಟ್ಟಿಗೆ ಇನ್‌ಸ್ಪೈರ್ ಮಾನಕ್‌ಗೆ, ಅಂದರೆ ಶಾಲಾ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿಜ್ಞಾನ ಪ್ರಶಸ್ತಿಗೆ. ಆರನೇ ಕ್ಲಾಸಿನಿಂದ ಮೇಲಿನ ಮಕ್ಕಳ ಹೊಸ ಯೋಚನೆ ಬರೆದು ಕಳಿಸಬೇಕು. ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ನೇರ ಮಗುವಿನ ಖಾತೆಗೆ ಬರುತ್ತದೆ. ದೊಡ್ಡ ಕೋಣೆ ಬೇಡ, ಇಂಗ್ಲಿಷ್ ಮೀಡಿಯಂ ಬೇಡ.

ಮೊದಲ ವರ್ಷ ನಾನು ಮಾಡಿದ್ದು ಕಳ್ಳ ಕೆಲಸ. ಯೂಟ್ಯೂಬ್ ನೋಡಿ ಮಳೆ ಬಂದರೆ ಕೂಗುವ ಅಲಾರಂ ಒಂದನ್ನು ಮಕ್ಕಳ ಹೆಸರಲ್ಲಿ ತುಂಬಿಸಿದೆ. ಆಯ್ಕೆ ಆಗಲಿಲ್ಲ, ಆಗಬಾರದಿತ್ತು ಕೂಡ. ಮರುವರ್ಷ ಸುಮ್ನೆ ಕೇಳಿದೆ: ಮನೆಯಲ್ಲಿ, ಹೊಲದಲ್ಲಿ ನಿಮಗೆ ಯಾವುದು ತ್ರಾಸು? ಹತ್ತಿ ಬಿಡಿಸುವ ಕಾಲಕ್ಕೆ ತಿಂಗಳುಗಟ್ಟಲೆ ಶಾಲೆ ತಪ್ಪಿಸುತ್ತಿದ್ದ ಹುಡುಗಿ ಎದ್ದು ನಿಂತಳು. ಒಣಗಿದ ಕಾಯಿಯ ತುದಿ ಬೆರಳಿಗೆ ಚುಚ್ಚುತ್ತದೆ, ಅವ್ವನ ಉಗುರಿನ ಪಕ್ಕ ರಕ್ತ ಬರುತ್ತದೆ ಅಂದಳು. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಬೆರಳಿಗೆ ಟೊಪ್ಪಿಗೆ ಮಾಡಬಹುದು ಅಂತ ಅವಳದೇ ಉಪಾಯ. ಗೈರುಹಾಜರಿಗೆ ನಾನು ಅವಳನ್ನು ಎಷ್ಟು ಬೈದಿದ್ದೆನೋ!

ಅರ್ಜಿ ತುಂಬಲು ಒಂದು ಸಂಜೆ ಸಾಕಾಯಿತು. ಖಾತೆ ತೆರೆಯಲು ಮೂರು ವಾರ ಬೇಕಾಯಿತು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಇನ್‌ಸ್ಪೈರ್‌ಗೆ ಹಾಕುವ ಶಿಕ್ಷಕರೇ, ಬೇರೆ ಏನು ಬಿಟ್ಟರೂ ಈ ಕೆಲಸ ಜೂನ್‌ನಲ್ಲೇ ಮುಗಿಸಿ.

ಆಯ್ಕೆ ಆಯಿತು. ಜಿಲ್ಲಾ ಮಟ್ಟದ ಪ್ರದರ್ಶನದಿಂದ ಮುಂದೆ ಹೋಗಲಿಲ್ಲ. ಬಿಸಿಲಿಗೆ ರಬ್ಬರ್ ಕಾದು ಬೆರಳು ಬೆವರುತ್ತದೆ ಅಂತ ನೋಡಲು ಬಂದವರು ಹೇಳಿದರು. ಬಸ್ಸಿನಲ್ಲಿ ವಾಪಸ್ ಬರುವಾಗಲೇ ಅವಳು ಪಿನ್ನಿನಿಂದ ಟೊಪ್ಪಿಗೆಗೆ ತೂತು ಹಾಕುತ್ತಾ ಕೂತಿದ್ದಳು.

ರೊಕ್ಕ ಬಂದ ದಿನ ಅವಳ ಅವ್ವ ಪಾಸ್‌ಬುಕ್ ಹಿಡಿದು ಶಾಲೆಗೆ ಬಂದಿದ್ದಳು. "ಮೇಡಂರೀ, ಇದು ವಾಪಸ್ ಕಟ್ಟಬೇಕೇನ್ರಿ?" ಇಲ್ಲ ಅಂದೆ. ನಂಬಿಕೆ ಬರಲಿಲ್ಲ ಅನಿಸುತ್ತೆ, ಗೇಟಿನ ತನಕ ಹೋಗಿ ತಿರುಗಿ ಬಂದು ಇನ್ನೊಂದು ಸಲ ಕೇಳಿದಳು.