ಮುಲು ಪಿನಾಕಲ್ಸ್: 2.4 ಕಿ.ಮೀ. ಅಂತ ಹಗುರವಾಗಿ ನೋಡಬೇಡಿ

ಮಲೇಷ್ಯಾದ ಸರವಾಕ್‌ನಲ್ಲಿರುವ ಗುನುಂಗ್ ಮುಲು ಕಾಡಿನ ಬಗ್ಗೆ ನಿಮ್ಮ ಲೇಖನವನ್ನು ಕನ್ನಡದಲ್ಲಿ ಓದಿ ತುಂಬಾ ಖುಷಿಯಾಯಿತು. ಆದರೆ ಅಲ್ಲಿನ ಪಿನಾಕಲ್ಸ್ ಎಂಬ ಈಟಿಯಂಥ ಸುಣ್ಣದ ಕಲ್ಲುಗಳನ್ನು ನೋಡಲು ಹತ್ತುವ ಚಾರಣ 'ಬರೀ 2.4 ಕಿ.ಮೀ.' ಎಂದು ಬರೆದಿದ್ದೀರಿ. ಅದನ್ನು ನಂಬಿ ಯಾರಾದರೂ ಸುಮ್ನೆ ಹೊರಟುಬಿಟ್ಟಾರು ಅಂತ ನನಗೆ ಭಯ. ಅಷ್ಟೇ ದೂರದಲ್ಲಿ ಸುಮಾರು 1,200 ಮೀಟರ್ ಎತ್ತರ ಏರಬೇಕು. ಕೊನೆಯ ಭಾಗವಂತೂ ಏಣಿ, ಹಗ್ಗ ಹಿಡಿದೇ ಹತ್ತಬೇಕು. ಸುಣ್ಣದ ಕಲ್ಲಿನ ಅಂಚು ಚಾಕುವಿನ ಹಾಗೆ ಹರಿತ. ಮಳೆ ಬಂದರೆ ಜಾರುತ್ತದೆ ಕೂಡ. ಕೈಗವಸು ಬೇಕೇ ಬೇಕು. ಈ ಕಲ್ಲಿನ ಬಿರುಕುಗಳಲ್ಲಿ ಮಳೆನೀರು ಇಂಗಿಹೋಗುತ್ತದೆ, ಹಾಗಾಗಿ ಏರುದಾರಿಯಲ್ಲಿ ತೊರೆ ಸಿಗುತ್ತದೆ ಅಂದುಕೊಳ್ಳಬೇಡಿ. ನೀರು ಜಾಸ್ತಿ ಹೊತ್ತುಕೊಳ್ಳಿ.

ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಮೊಣಕಾಲು ನಡುಗಿಬಿಡುತ್ತದೆ. ಗೊತ್ತು ಮಾಡಿದ ಹೊತ್ತಿಗೆ ಅರ್ಧ ದಾರಿ ಮುಟ್ಟದವರನ್ನು ಗೈಡ್ ವಾಪಸ್ ಕಳಿಸುತ್ತಾರೆ. ಅವರ ಜೊತೆ ದಯವಿಟ್ಟು ವಾದ ಮಾಡಬೇಡಿ. ಕತ್ತಲಾದ ಮೇಲೆ ಆ ಕಲ್ಲುಗಳ ಮೇಲೆ ಇಳಿಯುವುದು ಜೀವಕ್ಕೇ ಅಪಾಯ, ಅಲ್ವಾ? ಮೇಲೆ ಹೋದವರಿಗೆ 45 ಮೀಟರ್‌ವರೆಗಿನ ಕಲ್ಲಿನ ಈಟಿಗಳು, ದಾರಿಯಲ್ಲಿ ಹುಳ ಹಿಡಿಯುವ ಹೂಜಿ ಗಿಡಗಳು ಕಾಣುತ್ತವೆ. ಹೋಗದವರು ಚಾರಣ ಶುರುವಾಗುವ ತಂಗುದಾಣವಾದ ಕ್ಯಾಂಪ್ 5ರಲ್ಲೇ ಉಳಿದು ಮೆಲಿನೌ ನದಿಯ ಹತ್ತಿರ ಆರಾಮಾಗಿ ದಿನ ಕಳೆಯಬಹುದು. ಲೇಖನದಲ್ಲಿ ಇದನ್ನೂ ಸೇರಿಸಿ, ದಯವಿಟ್ಟು.