ಬಟ್ಲರ್ ಅನ್ನಬೇಡಿ, ಡಾಮ್ ಅನ್ನಿ

ಕಾದಂಬರಿ ಓದಿದವರ ಪಕ್ಕ ಕೂತು ಅದರ ಸಿನಿಮಾ ನೋಡುವುದು ಶಿಕ್ಷೆ ಅಂತ ಮನೆಮಂದಿಯ ದೂರು. ಐದು ನಿಮಿಷಕ್ಕೊಮ್ಮೆ ರಿಮೋಟ್ ಕಸಿದುಕೊಂಡು ‘ನಿಲ್ಸಿ ನಿಲ್ಸಿ, ಪುಸ್ತಕದಲ್ಲಿ ಹೀಗಿಲ್ಲ’ ಅನ್ನುತ್ತಾರಂತೆ. ದೂರು ನಿಜವೇ. ಆದರೆ ‘ಆರ್ಟೆಮಿಸ್ ಫೌಲ್’ ವಿಷಯದಲ್ಲಿ ಒಂದು ರಾಜಿ ಸೂತ್ರವಿದೆ. ಪುಸ್ತಕದಲ್ಲಿ ಇದ್ದ ಹಾಗೇ ಇರುವ ಕಡೆ ಮಾತ್ರ ನಿಲ್ಲಿಸುವುದು. ರಿಮೋಟಿಗೆ ಕೆಲಸವೇ ಇರುವುದಿಲ್ಲ.

ಐರ್ಲೆಂಡಿನ ಓಯನ್ ಕೋಲ್ಫರ್ ಬರೆದ ಕಾದಂಬರಿ ಬಂದದ್ದು 2001ರಲ್ಲಿ. ಸಿನಿಮಾ ಆಗುತ್ತದೆ, ಆಗುತ್ತದೆ ಅಂತ ಕಾದು ಕಾದು, ಪುಸ್ತಕ ಓದಿದ ಮಕ್ಕಳು ಮೀಸೆ ಬೋಳಿಸುವ ವಯಸ್ಸು ದಾಟಿದರು. ಕೊನೆಗೆ ಕೆನೆತ್ ಬ್ರಾನಾ ನಿರ್ದೇಶನದ ಚಿತ್ರ 2020ರ ಜೂನ್‌ನಲ್ಲಿ ಥಿಯೇಟರ್ ತಪ್ಪಿಸಿ ಸೀದಾ ಡಿಸ್ನಿ ಪ್ಲಸ್‌ಗೆ ಬಂತು. ಒಂದೂವರೆ ಗಂಟೆ ಮತ್ತು ಸ್ವಲ್ಪ. ಅಷ್ಟರಲ್ಲಿ ಮೊದಲ ಪುಸ್ತಕವನ್ನೂ ಎರಡನೆಯದರ ಖಳನಾಯಕಿಯನ್ನೂ ಮಿಕ್ಸಿಗೆ ಹಾಕಿ, ಯಾವ ಪುಸ್ತಕದಲ್ಲೂ ಇಲ್ಲದ ಅಕ್ಯುಲಾಸ್ ಎಂಬ ಮಾಯಾವಸ್ತುವನ್ನು ಮೇಲೆ ಉದುರಿಸಿದ್ದಾರೆ.

ಕಾದಂಬರಿಯ ಆರ್ಟೆಮಿಸ್ ಹನ್ನೆರಡರ ಪೋರ. ಬಿಸಿಲು ಕಾಣದ ಬಿಳಿಚು ಮುಖ, ಮೈಮೇಲೆ ಸೂಟು, ತಲೆ ತುಂಬ ಕುತಂತ್ರ. ಕಿನ್ನರರು ಇದ್ದಾರೆ ಅಂತ ತಾನೇ ಪತ್ತೆ ಮಾಡಿ, ಅವರ ಗುಪ್ತ ಗ್ರಂಥವನ್ನು ಮೋಸದಿಂದ ನಕಲು ಮಾಡಿ, ಲಿಪಿ ಒಡೆದು ಓದುತ್ತಾನೆ. ಮುಗಿದುಹೋದ ಮಾಂತ್ರಿಕ ಶಕ್ತಿ ತುಂಬಿಕೊಳ್ಳಲು ಕಿನ್ನರರು ಹುಣ್ಣಿಮೆಯ ರಾತ್ರಿ, ನದಿ ತಿರುಗುವ ಜಾಗದ ಹಳೇ ಓಕ್ ಮರದಿಂದ ಒಂದು ಕಾಯಿ ಕಿತ್ತು ಬೇರೆಲ್ಲೋ ಹುಗಿಯಬೇಕು. ಇದು ಗೊತ್ತಾದ ಮೇಲೆ ಇನ್ನೇನು, ಅಂಥ ಮರದ ಹತ್ತಿರ ಹೊಂಚು ಹಾಕಿದರೆ ಆಯಿತು. ಕಾಯಿಗೆ ಬಂದ ಹಾಲಿ ಶಾರ್ಟ್ ಸಿಕ್ಕಿಬೀಳುತ್ತಾಳೆ, ಒತ್ತೆಹಣ ಒಂದು ಟನ್ ಅಪರಂಜಿ. ಕೊನೆಯಲ್ಲಿ ಅದರಲ್ಲಿ ಅರ್ಧ ವಾಪಸ್ ಕೊಟ್ಟು, ಬದಲಿಗೆ ಬುದ್ಧಿ ಕೆಟ್ಟು ಮಲಗಿದ ಅಮ್ಮನನ್ನು ವಾಸಿ ಮಾಡಿಸಿಕೊಳ್ಳುತ್ತಾನೆ. ಕಳ್ಳನಿಗೂ ಒಬ್ಬ ಅಮ್ಮ ಇದ್ದಾಳೆ ಅಂತ ಓದುಗನಿಗೆ ಗಂಟಲು ಕಟ್ಟುವುದು ಆ ಅರ್ಧ ಟನ್ನಿನಲ್ಲಿ.

ಸಿನಿಮಾದಲ್ಲಿ ಅಮ್ಮ ಮೊದಲೇ ತೀರಿಕೊಂಡಿದ್ದಾಳೆ. ಕಿನ್ನರರ ವಿಷಯವನ್ನು ಅಪ್ಪನೇ ಕಥೆಯಾಗಿ ಹೇಳಿಕೊಟ್ಟಿದ್ದಾನೆ. ಹುಡುಗ ಬಿಸಿಲಲ್ಲಿ ಸಮುದ್ರದ ಅಲೆ ಮೇಲೆ ಸರ್ಫಿಂಗ್ ಮಾಡುತ್ತಾನೆ. ಇಡೀ ಚಿತ್ರದಲ್ಲಿ ಅಪ್ಪನನ್ನು ಬಿಡಿಸಿಕೊಳ್ಳಲು ಒದ್ದಾಡುವ ಈ ಸುಪುತ್ರ ಕೊನೆಗೆ ತಾನೊಬ್ಬ ಮಹಾ ಅಪರಾಧಿ ಅಂತ ಘೋಷಿಸಿಕೊಳ್ಳುತ್ತಾನೆ. ಯಾವ ಅಪರಾಧ ಮಾರಾಯ, ಕಂಪ್ಲೇಂಟ್ ಕೊಟ್ಟವರು ಯಾರು?

ಹಾಲಿಯ ಕಥೆ ಇನ್ನೊಂದು. ಕಾದಂಬರಿಯಲ್ಲಿ ಅವಳು ಕಿನ್ನರ ಪೊಲೀಸರ ವಿಚಕ್ಷಣ ಪಡೆಯ ಮೊದಲ ಮಹಿಳಾ ಅಧಿಕಾರಿ. ಆ ಪಡೆಯ ಕಮಾಂಡರ್ ರೂಟ್ ಎಂಬ ಸಿಗಾರು ಮುದುಕ ಅವಳನ್ನು ಗೋಳು ಹೊಯ್ದುಕೊಳ್ಳುವುದೇ ಅದಕ್ಕೆ: ನೀನು ಎಡವಿದರೆ ನಿನ್ನ ಹಿಂದೆ ಬರುವವರಿಗೆಲ್ಲ ಬಾಗಿಲು ಮುಚ್ಚುತ್ತದೆ ಅಂತ. ಸಿನಿಮಾದಲ್ಲಿ ರೂಟ್ ಪಾತ್ರಕ್ಕೆ ಜೂಡಿ ಡೆಂಚ್. ನಟಿ ದೊಡ್ಡವರು, ಅವರದೇನೂ ತಪ್ಪಿಲ್ಲ. ಆದರೆ ಕಮಾಂಡರೇ ಹೆಂಗಸಾದ ಮೇಲೆ ಹಾಲಿಯ ಹೋರಾಟ ಯಾವುದಕ್ಕೆ? ಪುಸ್ತಕದ ಹಾಲಿ ಸಿನಿಮಾದಲ್ಲಿ ಮಾಜಿ.

ಇದನ್ನೆಲ್ಲ ಹಲ್ಲು ಕಚ್ಚಿ ಸಹಿಸಬಹುದು. ಸಹಿಸಲಾಗದ್ದು ಬಟ್ಲರ್.

ಬಟ್ಲರ್ ಅಂದರೆ ಆರ್ಟೆಮಿಸ್‌ನ ಅಂಗರಕ್ಷಕ, ಗುಡ್ಡದಂಥ ಆಳು. ಬಟ್ಲರ್ ಅನ್ನುವುದು ಅವನ ಮನೆತನದ ಹೆಸರು. ತಲೆತಲಾಂತರದಿಂದ ಫೌಲ್ ಮನೆತನದ ಸೇವೆ ಮಾಡಿದ ಈ ವಂಶದಿಂದಲೇ ‘ಬಟ್ಲರ್’ ಎಂಬ ಪದ ಹುಟ್ಟಿತು ಅಂತ ಕೋಲ್ಫರ್ ಗಂಭೀರ ಮುಖ ಮಾಡಿಕೊಂಡು ಪುಂಗಿ ಊದುತ್ತಾನೆ. ಅವನ ಮೊದಲ ಹೆಸರು? ಗೊತ್ತಿಲ್ಲ. ಕಾಯುವವನ ಹೆಸರು ಕಾಯಿಸಿಕೊಳ್ಳುವವನಿಗೆ ತಿಳಿಯಬಾರದು, ಸಲುಗೆ ಬೆಳೆದರೆ ಕೈ ನಡುಗುತ್ತದೆ ಅಂತ ತರಬೇತಿಯ ಕಟ್ಟುನಿಟ್ಟು. ಒಂದು ಪುಸ್ತಕ ಮುಗಿಯಿತು, ಹೇಳಲಿಲ್ಲ. ಎರಡನೆಯದೂ ಮುಗಿಯಿತು. 2003ರಲ್ಲಿ ಬಂದ ಮೂರನೆಯದರಲ್ಲಿ ಹುಡುಗನಿಗೆ ಬೀಳಬೇಕಿದ್ದ ಗುಂಡಿಗೆ ಎದೆಕೊಟ್ಟು ಬಿದ್ದಾಗ, ಇನ್ನು ಉಳಿಯುವುದಿಲ್ಲ ಅನ್ನುವ ಹೊತ್ತಿಗೆ ಅವನು ಹೆಸರು ಹೇಳುತ್ತಾನೆ. ಡೊಮೊವಾಯ್. ಹನ್ನೆರಡು ವರ್ಷದ ಓದುಗರು ಹೊದಿಕೆಯೊಳಗೆ ಟಾರ್ಚ್ ಹಿಡಿದು ಅತ್ತ ಪುಟ ಅದು.

ಸಿನಿಮಾ ಏನು ಮಾಡಿದೆ? ಅವನು ತೆರೆಗೆ ಬರುತ್ತಿದ್ದಂತೆಯೇ ಕಥೆ ಹೇಳುವ ಕುಬ್ಜ, ಇವನನ್ನು ಬಟ್ಲರ್ ಅನ್ನಬೇಡಿ, ಎಲ್ಲರೂ ಡಾಮ್ ಅನ್ನುತ್ತಾರೆ ಅನ್ನುತ್ತಾನೆ. ಡೊಮೊವಾಯ್ ಅನ್ನುವುದರ ಮೊಟಕು. ಎಲ್ಲರೂ! ಮೂರು ಪುಸ್ತಕ ಬಚ್ಚಿಟ್ಟ ಗುಟ್ಟನ್ನು ವಿಸಿಟಿಂಗ್ ಕಾರ್ಡ್ ಥರ ಹಂಚಿಬಿಟ್ಟರು. ಸಾಲದ್ದಕ್ಕೆ, ವಂಶಕ್ಕೇ ಹೆಮ್ಮೆಯಾದ ಹೆಸರು ಅವನಿಗೇ ಅವಮಾನವಾಯಿತು. ಚಿತ್ರಕಥೆ ಬರೆದವರು ಪುಸ್ತಕ ಓದಿಲ್ಲ ಅಂತ ಬೈಯುವಂತೆಯೂ ಇಲ್ಲ. ಓದದಿದ್ದರೆ ‘ಡೊಮೊವಾಯ್’ ಸಿಗುತ್ತಿದ್ದದ್ದಾದರೂ ಎಲ್ಲಿ? ಮೂರನೇ ಪುಸ್ತಕದವರೆಗೂ ಹೋಗಿ, ಆ ಒಂದು ಪದ ಕಿತ್ತುಕೊಂಡು ಓಡಿಬಂದಿದ್ದಾರೆ.

ಮೊದಲ ಪುಸ್ತಕದ ಪುಟಗಳ ಅಡಿಯಲ್ಲಿ ಚಿತ್ರವಿಚಿತ್ರ ಚಿಹ್ನೆಗಳ ಸಾಲು ಹರಿಯುತ್ತಿತ್ತು. ಅಲಂಕಾರವಲ್ಲ, ಕಿನ್ನರರ ಲಿಪಿ. ಪೆನ್ಸಿಲ್ ಹಿಡಿದು ಒಂದೊಂದೇ ಚಿಹ್ನೆಗೆ ಅಕ್ಷರ ಹೊಂದಿಸಿಕೊಂಡು ಹೋದರೆ ಸಂದೇಶ ತೆರೆಯುತ್ತಿತ್ತು. ರಜೆಯ ಮಧ್ಯಾಹ್ನಗಳು ಹಾಗೇ ಕರಗಿದ ಪುಸ್ತಕಗಳು ಇನ್ನೂ ಕಪಾಟುಗಳಲ್ಲಿವೆ, ಅಂಚಿನಲ್ಲಿ ಮಸುಕಾದ ಪೆನ್ಸಿಲ್ ಗುರುತು, ತಪ್ಪಿ ಅಳಿಸಿದ ಕಲೆ.

ಈಗ ಸಿನಿಮಾ ಮೊದಲು ನೋಡಿದ ಮಗುವಿನ ಕೈಗೆ ಆ ಪುಸ್ತಕಗಳನ್ನು ಕೊಡಿ. ಮೂರನೆಯದಕ್ಕೆ ಬರಲಿ. ರಕ್ತದ ಮಡುವಿನಲ್ಲಿ ಬಿದ್ದ ಬಟ್ಲರ್ ಕಡೆಯ ಉಸಿರು ಕೂಡಿಸಿಕೊಂಡು ತನ್ನ ಹೆಸರು ಹೇಳುತ್ತಾನೆ. ಮಗು ಪುಟ ಮಗುಚುತ್ತದೆ: ‘ಹೂಂ, ಡಾಮ್. ಗೊತ್ತಲ್ಲ.’