ಸ್ಪಷ್ಟನೆ: ಇಎಕ್ಸ್‌ಟಿ4 ಡಿಸ್ಕ್‌ನಲ್ಲಿ ‘ಕಾಣೆಯಾದ’ ಜಾಗದ ಬಗ್ಗೆ

ಲಿನಕ್ಸ್‌ನಲ್ಲಿ ಹೊಸ ಡಿಸ್ಕ್‌ಗೆ ಇಎಕ್ಸ್‌ಟಿ4 ಫೈಲ್ ಸಿಸ್ಟಂ (ಫೈಲ್‌ಗಳನ್ನು ಜೋಡಿಸಿಡುವ ವಿಧಾನ) ಹಾಕಿದರೆ ಶೇ 5ರಷ್ಟು ಜಾಗ ವ್ಯರ್ಥವಾಗುತ್ತದೆ, ಅದನ್ನು ಮರಳಿ ಪಡೆಯಲು ಡಿಸ್ಕನ್ನು ಮತ್ತೆ ಫಾರ್ಮ್ಯಾಟ್ ಮಾಡಲೇಬೇಕು ಎಂಬ ಸಲಹೆ ಹರಿದಾಡುತ್ತಿದೆ. ಇದನ್ನು ನಂಬಿ ತುಂಬಿದ ಡಿಸ್ಕನ್ನು ಅಳಿಸಬೇಡಿ.

ಆ ಶೇ 5 ಎಲ್ಲಿಯೂ ಹೋಗಿಲ್ಲ. ಅದು ರೂಟ್ ಬಳಕೆದಾರನಿಗೆ, ಅಂದರೆ ಎಲ್ಲ ಅಧಿಕಾರವಿರುವ ನಿರ್ವಾಹಕ ಖಾತೆಗೆ, ಕಾದಿರಿಸಿದ ಜಾಗ. ಸಾಮಾನ್ಯ ಬಳಕೆದಾರರ ಫೈಲ್‌ಗಳಿಂದ ಡಿಸ್ಕ್ ತುಂಬಿಹೋದಾಗಲೂ ಲಾಗ್ ಬರೆಯುವ ಸೇವೆಗಳು ನಿಲ್ಲಬಾರದು, ನಿರ್ವಾಹಕರು ಒಳಹೊಕ್ಕು ಸರಿಪಡಿಸುವಂತಿರಬೇಕು ಎಂಬುದು ಇದರ ಉದ್ದೇಶ. ಫೈಲ್‌ಗಳು ಚೂರುಚೂರಾಗಿ ಚದುರುವುದನ್ನೂ ಇದು ತಗ್ಗಿಸುತ್ತದೆ. ಆದ್ದರಿಂದ ಲಿನಕ್ಸ್ ವ್ಯವಸ್ಥೆಯೇ ಕುಳಿತಿರುವ ಪಾರ್ಟಿಷನ್‌ನಲ್ಲಿ (ಡಿಸ್ಕ್‌ನ ವಿಭಾಗದಲ್ಲಿ) ಇದನ್ನು ಸೊನ್ನೆ ಮಾಡುವುದು ಅವಿವೇಕ.

ಫೋಟೊ, ವಿಡಿಯೊ ತುಂಬಿಡುವ 4 ಟಿಬಿ ಡಿಸ್ಕ್‌ನ ಮಾತು ಬೇರೆ. ಅಲ್ಲಿ ಸುಮಾರು 200 ಜಿಬಿ ಸುಮ್ಮನೆ ಬಿದ್ದಿರುತ್ತದೆ. ‘ಟ್ಯೂನ್2ಎಫ್‌ಎಸ್’ (tune2fs) ಆದೇಶಕ್ಕೆ ಸಣ್ಣಕ್ಷರದ ‘ಎಂ’ (-m) ಆಯ್ಕೆ ಕೊಟ್ಟು, ಕಾದಿರಿಸುವ ಶೇಕಡಾವಾರು ಪ್ರಮಾಣವನ್ನು 1 ಅಥವಾ 0 ಎಂದು ನಮೂದಿಸಿದರೆ ಸಾಕು. ಡಿಸ್ಕ್ ಮೌಂಟ್ ಆಗಿ (ಬಳಕೆಗೆ ಜೋಡಣೆಯಾಗಿ) ಇರುವಾಗಲೇ ಬದಲಾಗುತ್ತದೆ, ಒಂದು ಫೈಲೂ ಅಳಿಯುವುದಿಲ್ಲ. ಪಾರ್ಟಿಷನ್ ಹೆಸರನ್ನು ಮಾತ್ರ ಎರಡು ಬಾರಿ ನೋಡಿಕೊಳ್ಳಿ.

ನಿಜಕ್ಕೂ ಆರಂಭದಲ್ಲೇ ಯೋಚಿಸಬೇಕಾದದ್ದು ಐನೋಡ್‌ಗಳ, ಅಂದರೆ ಪ್ರತಿ ಫೈಲ್‌ನ ವಿವರ ಇಡುವ ದಾಖಲೆಗಳ, ಪ್ರಮಾಣ. ಸಾಮಾನ್ಯವಾಗಿ ಪ್ರತಿ 16,384 ಬೈಟ್‌ಗೆ ಒಂದು ಐನೋಡ್ ಸಿಗುತ್ತದೆ, ಫೈಲ್ ಸಿಸ್ಟಂ ರಚಿಸಿದ ಮೇಲೆ ಈ ಅನುಪಾತ ಬದಲಾಗದು. ಲಕ್ಷಾಂತರ ಪುಟ್ಟ ಫೈಲ್‌ಗಳನ್ನು ಇಡುವವರಿಗೆ, ಐನೋಡ್‌ಗಳು ಮುಗಿದುಹೋಗಿ, ಜಾಗ ಉಳಿದಿದ್ದರೂ ‘ಡಿಸ್ಕ್ ತುಂಬಿದೆ’ ಎಂಬ ಸಂದೇಶ ಬರುವುದು ಈ ಕಾರಣಕ್ಕೇ.